ಕಾದಂಬರಿಯನ್ನು ಗೇಮ್ ಮಾಡುವಾಗ ಮೂಲಕ್ಕೆ ಎಷ್ಟು ನಿಷ್ಠರಾಗಿರಬೇಕು?

ವಿಡಿಯೊ ಗೇಮ್ ಮಾಡಲು ಕಾದಂಬರಿಯೊಂದರ ಹಕ್ಕು ಪಡೆದಿದ್ದೀರಿ, ಮೂಲಕ್ಕೆ ಎಷ್ಟು ಬದ್ಧರಾಗಿರಬೇಕು, ಸ್ವಂತ ಕಲ್ಪನೆಗೆ ಎಷ್ಟು ಅವಕಾಶ ಕೊಡಬೇಕು ಎಂದು ಕೇಳಿದ್ದೀರಿ. ನಾನಿದ್ದ ಸಣ್ಣ ಸ್ಟುಡಿಯೋದಲ್ಲಿ ಇದೇ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಪತ್ತೇದಾರಿ ಕಾದಂಬರಿಯೊಂದನ್ನು ಆಧರಿಸಿದ ನಮ್ಮ ಗೇಮ್ ಮಾತ್ರ ಅರ್ಧಕ್ಕೇ ನಿಂತಿತು.

ಒಪ್ಪಂದದ ಪ್ರಕಾರ ಹಕ್ಕುದಾರರು ಸ್ಕ್ರಿಪ್ಟ್‌ಗೆ ಒಪ್ಪಿಗೆ ಕೊಡಬೇಕಿತ್ತು. ಹೀಗಾಗಿ ಆಟಗಾರ ಏನು ಮಾಡುತ್ತಾನೆ ಎಂಬುದು ತೀರ್ಮಾನವಾಗುವ ಮೊದಲೇ ನಾವು ಪೂರ್ತಿ ಸ್ಕ್ರಿಪ್ಟ್ ಬರೆದು ಸಹಿ ಹಾಕಿಸಿಕೊಂಡೆವು. ಎಲ್ಲವೂ ಕೆಟ್ಟದ್ದು ಅಲ್ಲಿಂದಲೇ. ಕಾದಂಬರಿಯ ಪತ್ತೇದಾರ ಸುಳಿವೊಂದನ್ನು ತಪ್ಪಾಗಿ ಗ್ರಹಿಸಿ ನಿರಪರಾಧಿಯೊಬ್ಬನ ಬೆನ್ನು ಹತ್ತುತ್ತಾನೆ. ಓದುಗನೂ ಅವನೊಂದಿಗೆ ಮೋಸಹೋಗುವುದರಲ್ಲೇ ಕಥೆಯ ಸ್ವಾರಸ್ಯವಿದೆ. ಆದರೆ ಜನರಿಂದ ಆಡಿಸಿ ನೋಡಿದಾಗ ಹಲವರು ಆ ಸುಳಿವನ್ನು ಸರಿಯಾಗಿಯೇ ಅರ್ಥಮಾಡಿಕೊಂಡರು. ಸ್ಕ್ರಿಪ್ಟ್‌ನಂತೆ ಅವರು ತಪ್ಪು ಮನೆಯ ಬಾಗಿಲನ್ನೇ ತಟ್ಟಬೇಕಿತ್ತು. ಬೇರೆ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. ಬದಲಿಸಲು ಹೊರಟರೆ ಪ್ರತಿ ದೃಶ್ಯವನ್ನೂ ಮತ್ತೆ ಒಪ್ಪಿಗೆಗೆ ಕಳುಹಿಸಬೇಕು, ಧ್ವನಿಮುದ್ರಣವಾಗಿದ್ದ ಸಂಭಾಷಣೆಗಳನ್ನು ಕೈಬಿಡಬೇಕು, ಅವಕ್ಕೆ ಹೊಂದಿಸಿದ ಅನಿಮೇಷನ್ ಮತ್ತೆ ಮಾಡಬೇಕು. ಅಷ್ಟರಲ್ಲಿ ಹಣ ಮುಗಿಯಿತು. ಹಕ್ಕುದಾರರು ಹಟಮಾರಿಗಳಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಅವರ ಮುಂದೆ ಬರಿಯ ಕಾಗದ ಇಟ್ಟವರು ನಾವು. ಕಾಗದದಲ್ಲಿ ಅವರು ಸಹಜವಾಗಿಯೇ ತಮ್ಮ ಕಾದಂಬರಿಯನ್ನು ಹುಡುಕಿದರು.

ಆದ್ದರಿಂದ ‘ಎಷ್ಟು ಮೂಲ, ಎಷ್ಟು ಕಲ್ಪನೆ’ ಎಂಬ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ. ಮೂಲದಲ್ಲಿ ಪಾತ್ರಗಳು ಅನುಭವಿಸುವ ಒತ್ತಡ ಆಟಗಾರನ ಕೈಗೆ ತಲುಪುತ್ತದೆಯೇ ಎಂದು ಕೇಳಿಕೊಳ್ಳಿ. 2014ರಲ್ಲಿ ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ರೂಪಿಸಿದ ‘ಏಲಿಯನ್: ಐಸೋಲೇಷನ್’ ನೋಡಿ. 1979ರ ‘ಏಲಿಯನ್’ ಸಿನಿಮಾದ ಘಟನೆಗಳ 15 ವರ್ಷಗಳ ನಂತರ, ಅದರ ನಾಯಕಿ ರಿಪ್ಲೆಯ ಮಗಳು ಅಮಾಂಡಾಳನ್ನು ಮುಂದಿಟ್ಟುಕೊಂಡು ಅವರು ಹೊಸ ಕಥೆಯನ್ನೇ ಹೇಳಿದರು. ಆದರೂ ಅದರಷ್ಟು ನಿಷ್ಠವಾದ ರೂಪಾಂತರ ನನಗೆ ಬೇರೆ ಕಂಡಿಲ್ಲ. ಅಲ್ಲಿ ಆಟಗಾರನನ್ನು ಬೇಟೆಯಾಡುವ ಅನ್ಯಗ್ರಹ ಜೀವಿ ಏಲಿಯನ್ನನ್ನು ಕೊಲ್ಲಲಾಗದು. ಬೆಂಕಿಗೆ ಹೆದರಿ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ, ಅಷ್ಟೆ. ಆಟಗಾರ ಎಲ್ಲಿದ್ದಾನೆಂದು ತಿಳಿದಿರುವ ಒಂದು ವ್ಯವಸ್ಥೆ ಅದಕ್ಕೆ ಸುಮಾರು ದಿಕ್ಕನ್ನಷ್ಟೇ ಸೂಚಿಸುತ್ತದೆ. ಉಳಿದುದನ್ನು ಅದು ಸದ್ದು ಕೇಳಿ, ಕಣ್ಣಿಂದ ಕಂಡು ಹುಡುಕಬೇಕು. ಮೇಜಿನಡಿ ಉಸಿರು ಬಿಗಿಹಿಡಿದು ಕೂರುವ ಆಟಗಾರನಿಗೆ ಸಿನಿಮಾದ ಭಯವೇ ಸಿಗುತ್ತದೆ, ಅದರ ಕಥೆಯನ್ನು ನಕಲು ಮಾಡದೆ. ‘ದಿ ವಿಚರ್’ ಮಾಡಿದವರೂ 2007ರ ತಮ್ಮ ಮೊದಲ ಗೇಮ್‌ನಲ್ಲಿ ಪೋಲೆಂಡಿನ ಲೇಖಕ ಸಪ್ಕೋವ್ಸ್ಕಿಯ ಮೂಲ ಕಾದಂಬರಿಗಳು ಮುಗಿದಲ್ಲಿಂದ ಮುಂದಿನ ಕಥೆಯನ್ನೇ ಆರಿಸಿಕೊಂಡರು. ನಾಯಕ ನೆನಪು ಕಳೆದುಕೊಂಡಿದ್ದರಿಂದ ಕಾದಂಬರಿ ಓದದವರಿಗೂ ಒಳಬರಲು ದಾರಿಯಾಯಿತು.

ನಿಮ್ಮ ಕಾದಂಬರಿಯ ಅತ್ಯಂತ ಮುಖ್ಯ ಘಟ್ಟವನ್ನು ಆರಿಸಿ, ಬಣ್ಣ, ಸಂಗೀತ ಯಾವುದೂ ಇಲ್ಲದೆ ಆಡಬಹುದಾದ ಒಂದೇ ಕೋಣೆಯನ್ನು ಮೊದಲು ಕಟ್ಟಿ. ಲೇಖಕರ ಕೈಗೆ ಕಂಟ್ರೋಲರ್ ಕೊಟ್ಟು ಅದನ್ನು ಆಡಿಸಿ. ಒಪ್ಪಿಗೆಯನ್ನು ಸ್ಕ್ರಿಪ್ಟ್‌ನ ಬದಲು ಆ ಪ್ರೋಟೋಟೈಪ್‌ನ (ಆಡಿಸಿ ನೋಡುವ ಕಚ್ಚಾ ಮಾದರಿಯ) ಮೇಲೆ ಪಡೆಯುವಂತೆ ಒಪ್ಪಂದದಲ್ಲೇ ಬರೆಸಿಕೊಳ್ಳಿ, ಯಾವ ಬದಲಾವಣೆಗೆ ಮರು ಒಪ್ಪಿಗೆ ಬೇಕಿಲ್ಲ ಎಂಬುದನ್ನೂ ಸ್ಪಷ್ಟವಾಗಿ ನಮೂದಿಸಿ. ಇದಕ್ಕೆ ಹಕ್ಕುದಾರರು ಸಮ್ಮತಿಸದಿದ್ದರೆ, ಕಾದಂಬರಿ ಎಷ್ಟೇ ಪ್ರಿಯವಾದರೂ ಮುಂಗಡ ಕೊಡಬೇಡಿ.