ಡಿವಿಡಿಯಲ್ಲಿರುವ ಹಳೆಯ ಯಕ್ಷಗಾನ ಎಲ್ಲ ಫೋನ್‌ಗಳಲ್ಲೂ ಸರಿಯಾಗಿ ಪ್ಲೇ ಆಗಬೇಕಾದರೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಊರಿನ ಬಯಲಾಟದ ಹಳೆಯ ಡಿವಿಡಿಗಳನ್ನು ಯಾವುದೋ ಕನ್ವರ್ಟರ್‌ನಲ್ಲಿ ಎಂಪಿ4 ಮಾಡಿ ನಿಮ್ಮದೇ ಜಾಲತಾಣಕ್ಕೆ ಏರಿಸಿದ್ದೀರಿ. ಕೆಲವು ಫೋನ್‌ಗಳಲ್ಲಿ ಭಾಗವತರ ಪದ್ಯ ಕೇಳುತ್ತದೆ, ಪರದೆ ಮಾತ್ರ ಕಪ್ಪು. ಚಿತ್ರ ಬರುವ ಕಡೆಯೂ ಪ್ಲೇ ಒತ್ತಿ ತುಂಬ ಹೊತ್ತು ಕಾಯಬೇಕು. ವೇಷ ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹಾರುವಾಗ ಅಂಚಿನಲ್ಲೆಲ್ಲ ಅಡ್ಡಗೆರೆ. ಚೆಂಡೆ ಕಿವಿಗಡಚಿಕ್ಕುತ್ತದೆ, ಅರ್ಥ (ಪಾತ್ರಧಾರಿಗಳ ಮಾತು) ಹೇಳುವಾಗ ಏನೂ ಕೇಳುವುದಿಲ್ಲ.

ನಾಲ್ಕಕ್ಕೂ ಕಾರಣ ಬೇರೆ ಬೇರೆ. ಆದರೆ ನಾಲ್ಕನ್ನೂ ಮೂಲ ಡಿವಿಡಿಯಿಂದಲೇ ಸರಿಪಡಿಸಿ. ಈಗ ನಿಮ್ಮಲ್ಲಿರುವ ಎಂಪಿ4 ಅನ್ನು ಮತ್ತೊಮ್ಮೆ ಕನ್ವರ್ಟ್ ಮಾಡಲು ಹೋಗಬೇಡಿ. ಪ್ರತಿ ಸಲ ಕನ್ವರ್ಟ್ ಮಾಡಿದಾಗಲೂ ಚಿತ್ರದಲ್ಲಿ, ಶಬ್ದದಲ್ಲಿ ಒಂದಷ್ಟು ವಿವರ ಕಳೆದುಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಅದಕ್ಕೇ ಮೊದಲ ಕೆಲಸ, ಡಿಸ್ಕ್‌ನಲ್ಲಿರುವ ವಿಡಿಯೋ ಟಿಎಸ್ ಫೋಲ್ಡರನ್ನು ಇದ್ದಂತೆಯೇ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುವುದು. ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆದ ಡಿವಿಡಿಗಳು ವರ್ಷ ಕಳೆದಂತೆ ಓದಲು ಬಾರದಂತಾಗುತ್ತವೆ. ಒಂದು ಪದರದ ಸಾಮಾನ್ಯ ಡಿಸ್ಕಿಗೆ ಹೆಚ್ಚೆಂದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ, ಇಂದಿನ ಹಾರ್ಡ್‌ಡಿಸ್ಕಿಗೆ ಅದು ಏನೂ ಅಲ್ಲ. ಎರಡು ಪ್ರತಿ ಇಟ್ಟುಕೊಳ್ಳಿ.

ಈಗ ಕಪ್ಪು ಪರದೆಯ ವಿಷಯ. ಎಂಪಿ4 ಅನ್ನುವುದು ಹೊರಗಿನ ಡಬ್ಬ ಅಷ್ಟೆ. ಒಳಗೆ ಚಿತ್ರ ಒಂದು ಕೋಡೆಕ್‌ನಲ್ಲಿ (ಕುಗ್ಗಿಸಿ ಬರೆಯುವ ವಿಧಾನದಲ್ಲಿ), ಶಬ್ದ ಇನ್ನೊಂದರಲ್ಲಿ ಇರುತ್ತದೆ. ಬ್ರೌಸರಿಗೆ ಶಬ್ದದ ಕೋಡೆಕ್ ಗೊತ್ತಿದ್ದು ಚಿತ್ರದ್ದು ಗೊತ್ತಿಲ್ಲದಿದ್ದರೆ ನೀವು ಹೇಳಿದ ಹಾಗೆಯೇ ಆಗುತ್ತದೆ. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಪ್ಲೇಯರ್‌ನಲ್ಲಿ ಫೈಲ್ ತೆರೆದು ಟೂಲ್ಸ್ ಮೆನುವಿನ ಕೋಡೆಕ್ ಇನ್ಫರ್ಮೇಶನ್ ನೋಡಿ. ನನ್ನ ಅಂದಾಜು, ಅಲ್ಲಿ ಎಚ್.265 ಅಥವಾ ಎಚ್‌ಇವಿಸಿ ಎಂದಿರುತ್ತದೆ. ‘ಸೈಜ್ ಅರ್ಧ ಆಗುತ್ತದೆ’ ಎಂದು ಎಷ್ಟೋ ಜನ ಅದನ್ನೇ ಆರಿಸುತ್ತಾರೆ. ಸೈಜ್ ಇಳಿಯುವುದು ನಿಜ. ಆದರೆ ಅದು ಬ್ರೌಸರ್‌ನಲ್ಲಿ ಓಡುವುದು ಆಯಾ ಫೋನಿನ ಚಿಪ್ ಮತ್ತು ಬ್ರೌಸರನ್ನು ಅವಲಂಬಿಸಿದೆ. ಒಂದು ವೇಳೆ ಅಲ್ಲಿ ಎಂಪೆಗ್-2 ಎಂದಿದ್ದರೆ, ನಿಮ್ಮ ಕನ್ವರ್ಟರ್ ಡಿವಿಡಿಯ ಚಿತ್ರವನ್ನು ಹಾಗೆಯೇ ಎತ್ತಿ ಹೊಸ ಡಬ್ಬಕ್ಕೆ ಹಾಕಿದೆ ಎಂದರ್ಥ. ಅದನ್ನು ಬ್ರೌಸರ್‌ಗಳು ಓದುವುದೇ ಇಲ್ಲ.

ನಿಮಗೆ ಬೇಕಾದದ್ದು 2003ರಲ್ಲಿ ಬಂದ ಎಚ್.264, 8 ಬಿಟ್‌ನದು. ಶಬ್ದಕ್ಕೆ ಎಎಸಿ. ಹಳೆಯದು ಎಂದು ತಾತ್ಸಾರ ಮಾಡಬೇಡಿ. ಹಳ್ಳಿಯ ಅಜ್ಜನ ಕೈಯಲ್ಲಿರುವ ಹತ್ತು ವರ್ಷದ ಫೋನಿನಲ್ಲೂ ಅದು ಓಡುತ್ತದೆ. ಈ ಆಟಗಳನ್ನು ಎದುರು ಕೂತು ನೋಡಿದವರು ಅವರೇ ತಾನೆ?

ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದ ಭಾಗಗಳನ್ನೇ ಅದೂ ಬಳಸುತ್ತದೆ. ಅದರಲ್ಲಿ ಒಂದೊಂದೇ ವಿಒಬಿ ಫೈಲನ್ನು ತೆರೆಯಬೇಡಿ, ಇಡೀ ಫೋಲ್ಡರನ್ನು ತೆರೆಯಿರಿ. ಡಿವಿಡಿಯಲ್ಲಿ ಆಟವನ್ನು ಸುಮಾರು 1 ಜಿಬಿಯ ಇಂಥ ವಿಒಬಿ ತುಂಡುಗಳಾಗಿ ಕತ್ತರಿಸಿರುತ್ತಾರೆ. ಫೋಲ್ಡರ್ ಕೊಟ್ಟರೆ ಅವು ತಾವಾಗಿ ಜೋಡಿಕೊಳ್ಳುತ್ತವೆ, ಪದ್ಯ ನಡುವೆ ತುಂಡಾಗುವುದಿಲ್ಲ.

ಅಡ್ಡಗೆರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಯಕ್ಷಗಾನದ ಮಟ್ಟಿಗೆ ಇದೇ ಮುಖ್ಯ. ನಮ್ಮ ದೇಶದ ಡಿವಿಡಿ ಪಾಲ್ ಪದ್ಧತಿಯದು: 720×576 ಅಳತೆ, ಸೆಕೆಂಡಿಗೆ 25 ಫ್ರೇಮ್. ಆಗಿನ ಕ್ಯಾಮೆರಾಗಳು ಒಂದೊಂದು ಫ್ರೇಮನ್ನೂ ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು, ಒಮ್ಮೆ ಬೆಸ ಸಾಲುಗಳು, ಸೆಕೆಂಡಿನ 50ರಲ್ಲಿ ಒಂದು ಭಾಗ ಕಳೆದ ಮೇಲೆ ಸಮ ಸಾಲುಗಳು. ಅಷ್ಟರೊಳಗೆ ವೇಷಧಾರಿಯ ಕೈ ಒಂದಿಷ್ಟು ಮುಂದೆ ಹೋಗಿರುತ್ತದೆ. ಹಳೆಯ ಟಿವಿಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಫೋನು ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಗೆರೆ ಏಳುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಟ್ಯಾಬ್‌ನಲ್ಲಿ ಡೀಇಂಟರ್‌ಲೇಸ್ ಆರಿಸಿದರೆ ಗೆರೆ ಹೋಗುತ್ತದೆ. ಸಾಮಾನ್ಯ ಆಯ್ಕೆಯಲ್ಲಿ ಸೆಕೆಂಡಿಗೆ 25 ಚಿತ್ರ ಮಾತ್ರ ಉಳಿಯುತ್ತದೆ, ಅರ್ಧ ಚಲನೆ ಹೋದಂತೆ. ಮಾತಿನ ಕಾರ್ಯಕ್ರಮಕ್ಕೆ ಅದು ನಡೆಯುತ್ತದೆ, ಕುಣಿತಕ್ಕೆ ನಡೆಯುವುದಿಲ್ಲ. ಅಲ್ಲಿಯೇ ಇರುವ ಬಾಬ್ ಎಂಬ ಆಯ್ಕೆ ಒತ್ತಿ, ವಿಡಿಯೋ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ 50 ಎಂದು ಕೊಡಿ. ಎರಡು ಕಂತೂ ಪೂರ್ತಿ ಚಿತ್ರಗಳಾಗಿ ಬರುತ್ತವೆ. ಒಂದೇ ಧೀಂಗಿಣವನ್ನು ಎರಡೂ ಬಗೆಯಲ್ಲಿ ಮಾಡಿ ಅಕ್ಕಪಕ್ಕ ಇಟ್ಟು ನೋಡಿ, ಹೆಜ್ಜೆ ನೆಲ ಮುಟ್ಟುವ ಕ್ಷಣ 50ರಲ್ಲಿ ಎಷ್ಟು ಸ್ಪಷ್ಟ ಎಂಬುದು ನಿಮಗೇ ಕಾಣುತ್ತದೆ.

ಅಳತೆಯಲ್ಲಿ ಇನ್ನೊಂದು ಸೂಕ್ಷ್ಮ. 720×576ರ ಚಿತ್ರವನ್ನು 4:3ರಲ್ಲಿ ತೋರಿಸಬೇಕಾದರೆ ಅಗಲ 768 ಇರಬೇಕು. ಹ್ಯಾಂಡ್‌ಬ್ರೇಕ್‌ನ ಆಟೋಮ್ಯಾಟಿಕ್ ಅನಾಮಾರ್ಫಿಕ್ ಆಯ್ಕೆ ಇದನ್ನು ನೋಡಿಕೊಳ್ಳುತ್ತದೆ. ಅದನ್ನು ತೆಗೆದರೆ ಮುಖವೂ ಕಿರೀಟವೂ ಸಪೂರವಾಗಿ ಕಾಣುತ್ತವೆ. 1080ಕ್ಕೆ ಹಿಗ್ಗಿಸಲು ಹೋಗಬೇಡಿ. ಡಿಸ್ಕಿನಲ್ಲಿ ಇಲ್ಲದ ವಿವರ ಹಿಗ್ಗಿಸಿದರೆ ಹುಟ್ಟುವುದಿಲ್ಲ, ಫೈಲ್ ಮಾತ್ರ ದಪ್ಪವಾಗುತ್ತದೆ.

ಗುಣಮಟ್ಟದ ಆರ್‌ಎಫ್ ಸಂಖ್ಯೆ 20ರಿಂದ 22 ಇರಲಿ. ಸಂಖ್ಯೆ ಇಳಿದಂತೆ ಗುಣಮಟ್ಟವೂ ಸೈಜೂ ಏರುತ್ತದೆ. ಸೆಕೆಂಡಿಗೆ ಸರಾಸರಿ 2 ಮೆಗಾಬಿಟ್ ಬಂದರೆ ಒಂದು ಗಂಟೆಗೆ 900 ಎಂಬಿ. ದಿನಕ್ಕೆ 1.5 ಜಿಬಿ ಡೇಟಾ ಇರುವವರಿಗೆ ಇದು ಭಾರವೇ. ಅದಕ್ಕೆ 360ರ ಎತ್ತರದ ಇನ್ನೊಂದು ಪ್ರತಿಯನ್ನೂ ಮೂಲದಿಂದಲೇ ಮಾಡಿ ಪಕ್ಕದಲ್ಲಿಡಿ. ರಾತ್ರಿಯಿಡೀ ನಡೆದ ಆಟವನ್ನು ಒಂದೇ ಫೈಲಾಗಿ ಹಾಕಬೇಡಿ, ಒಡ್ಡೋಲಗ, ಯುದ್ಧ ಎಂದು ಸನ್ನಿವೇಶಕ್ಕೆ ತಕ್ಕಂತೆ ಬಿಡಿಸಿ.

ಪ್ಲೇ ಒತ್ತಿ ಕಾಯುವುದಕ್ಕೆ ಕಾರಣ ಹೀಗಿದೆ. ಯಾವ ಚಿತ್ರ ಫೈಲಿನ ಎಲ್ಲಿದೆ ಎಂಬ ಸೂಚಿಯೊಂದು ಎಂಪಿ4ನಲ್ಲಿ ಇರುತ್ತದೆ. ಎಲ್ಲ ಬರೆದು ಮುಗಿದ ಮೇಲೆಯೇ ಅದು ಸಿದ್ಧವಾಗುವುದರಿಂದ ಸಾಮಾನ್ಯವಾಗಿ ಕೊನೆಯಲ್ಲಿ ಕೂರುತ್ತದೆ. ಅದು ಸಿಗುವವರೆಗೆ ಬ್ರೌಸರ್ ಶುರು ಮಾಡಲಾರದು. ಹ್ಯಾಂಡ್‌ಬ್ರೇಕ್‌ನ ಸಮರಿ ಟ್ಯಾಬ್‌ನಲ್ಲಿ ವೆಬ್ ಆಪ್ಟಿಮೈಸ್ಡ್ ಎಂಬ ಚೌಕಕ್ಕೆ ಟಿಕ್ ಹಾಕಿ, ಸೂಚಿ ಮುಂದಕ್ಕೆ ಬರುತ್ತದೆ. ಅದಾದ ಮೇಲೂ ನಡುವಿನಿಂದ ನೋಡಲು ಆಗದಿದ್ದರೆ, ಅಥವಾ ಐಫೋನ್‌ನಲ್ಲಿ ಮಾತ್ರ ಓಡದಿದ್ದರೆ, ನಿಮ್ಮ ಸರ್ವರ್ ಬೈಟ್ ರೇಂಜ್ ಕೋರಿಕೆಗೆ (ಫೈಲಿನ ಬೇಕಾದ ಭಾಗವನ್ನಷ್ಟೇ ಕೇಳುವುದಕ್ಕೆ) ಉತ್ತರ ಕೊಡುತ್ತಿದೆಯೇ ಎಂದು ಹೋಸ್ಟಿಂಗ್‌ನವರನ್ನು ಕೇಳಿ.

ಇನ್ನು ಶಬ್ದ. ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಅರ್ಥಗಾರಿಕೆ ಕೇಳದಿದ್ದರೆ ಎದ್ದು ಹೋಗುತ್ತಾರೆ. ವಾಲ್ಯೂಮ್ ಸುಮ್ಮನೆ ಏರಿಸಿದರೆ ಪ್ರಯೋಜನವಿಲ್ಲ, ಚೆಂಡೆಯ ಪೆಟ್ಟು ಆಗಲೇ ಮಿತಿ ಮುಟ್ಟಿರುತ್ತದೆ, ಇನ್ನೂ ಏರಿಸಿದರೆ ಒಡೆಯುತ್ತದೆ. ಆಡಾಸಿಟಿ ಎಂಬ ಶಬ್ದ ತಿದ್ದುವ ತಂತ್ರಾಂಶದಲ್ಲಿ ಮೊದಲು ಲಿಮಿಟರ್ ಹಾಕಿ ಚೆಂಡೆಯ ತುದಿಗಳನ್ನು ಹದವಾಗಿ ತಗ್ಗಿಸಿ, ಆಮೇಲೆ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್ (ಶಬ್ದ ಒಟ್ಟಾರೆ ಎಷ್ಟು ಗಟ್ಟಿ ಎಂಬುದರ ಅಳತೆ) ಕೊಡಿ. ಬಳಿಕ ಚೆಂಡೆ ಎಲ್ಲಾದರೂ ಒಡೆಯುತ್ತಿದೆಯೇ ಎಂದು ಕೇಳಿ ನೋಡಿ. ಒಡೆದರೆ ರದ್ದು ಮಾಡಿ, ಲಿಮಿಟರನ್ನು ಇನ್ನಷ್ಟು ಬಿಗಿಗೊಳಿಸಿ. ಚೆಂಡೆಯನ್ನು ಪೂರ್ತಿ ಚಪ್ಪಟೆ ಮಾಡಬೇಡಿ, ರಣಾವೇಶ ಇರುವುದು ಆ ಏರಿಳಿತದಲ್ಲೇ.

ಜನರೇಟರ್ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಬಳಸುವಿರಾದರೆ ಎಚ್ಚರ. ಒಂದೇ ಸಮನೆ ಇರುವ ಸದ್ದನ್ನು ಅದು ಗದ್ದಲ ಎಂದು ತಿಳಿಯುತ್ತದೆ. ಶ್ರುತಿಯೂ ಒಂದೇ ಸಮನೆ ಇರುತ್ತದೆ! ಶ್ರುತಿ ಹಿಡಿದಿರುವ ಜಾಗದಿಂದ ಮಾದರಿ ಕೊಟ್ಟರೆ ಶ್ರುತಿಯೇ ಸೊರಗುತ್ತದೆ, ಚಕ್ರತಾಳದ ಕೊನೆಯ ನಾದವೂ ತುಂಡಾಗುತ್ತದೆ. ಆಟ ಶುರುವಾಗುವ ಮೊದಲು ಜನರೇಟರ್ ಮಾತ್ರ ಕೇಳುವ ಕ್ಷಣ ಹುಡುಕಿ ಮಾದರಿ ಕೊಡಿ, ಪ್ರಮಾಣವನ್ನೂ ಕಡಿಮೆ ಇಡಿ. ಸಂದೇಹ ಬಂದರೆ ಜನರೇಟರ್ ಸದ್ದು ಇದ್ದರೂ ಇರಲಿ.

ಸರಿಪಡಿಸಿದ ಶಬ್ದವನ್ನು ಡಬ್ಲ್ಯೂಎವಿ ಆಗಿ ಉಳಿಸಿ, ಶಾಟ್‌ಕಟ್‌ನಂಥ ಎಡಿಟರ್‌ನಲ್ಲಿ ಮೂಲ ಚಿತ್ರಕ್ಕೆ ಜೋಡಿಸಿ, ಮೇಲೆ ಹೇಳಿದ ಎಚ್.264, 50 ಫ್ರೇಮ್ ಆಯ್ಕೆಗಳಲ್ಲೇ ಅಲ್ಲಿಂದಲೇ ಎಕ್ಸ್‌ಪೋರ್ಟ್ ಮಾಡಬಹುದು. ಎಎಸಿ 160 ಕಿಲೋಬಿಟ್, 48,000 ಹರ್ಟ್ಸ್ ಸಾಕು. ಪದ್ಯ ಮಾತ್ರ ಕೇಳುವವರಿಗೆ 128ರ ಎಂಪಿ3 ಬೇರೆ ಕೊಡಿ.

ಇಷ್ಟನ್ನೂ ಮೊದಲು 2 ನಿಮಿಷದ ತುಣುಕಿನ ಮೇಲೆ ಮಾಡಿ. ಕುಣಿತ, ಚೆಂಡೆ, ಮಾತು ಮೂರೂ ಇರುವ ಜಾಗ ಆರಿಸಿ, ಒಂದು ಹಳೆಯ ಆಂಡ್ರಾಯ್ಡ್, ಒಂದು ಐಫೋನ್‌ನಲ್ಲಿ ಮೊಬೈಲ್ ಡೇಟಾದಲ್ಲೇ ನೋಡಿ. ಮೇಳದವರ ಒಪ್ಪಿಗೆ ಪಡೆದು ಏರಿಸುವಾಗ ವಿವರದ ಜಾಗದಲ್ಲಿ ಪ್ರಸಂಗ, ಊರು, ತಾರೀಕು, ಹಿಮ್ಮೇಳ ಮುಮ್ಮೇಳದ ಕಲಾವಿದರ ಹೆಸರು ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ. ಡಿಸ್ಕಿನ ಮೇಲೆ ‘ಆಟ 3’ ಎಂದಷ್ಟೇ ಇದ್ದರೆ, ಅಂದು ರಂಗಸ್ಥಳದ ಮುಂದೆ ಕೂತಿದ್ದ ಹಿರಿಯರಿಗೆ ತೋರಿಸಿ ಈಗಲೇ ಕೇಳಿ ಬರೆದುಕೊಳ್ಳಿ.