ವಿಜಯಪುರದಿಂದ ಮುಂಬೈಗೆ ಹೋಗುವವರು ಹಿಂದೆ ಸೊಲ್ಲಾಪುರದಲ್ಲಿ ಗಾಡಿ ಬದಲಿಸಬೇಕಿತ್ತು, ಏಕೆ?

ಎರಡೂ ಕಡೆಯ ಹಳಿಗಳ ನಡುವಿನ ಅಂತರ ಬೇರೆಬೇರೆಯಾಗಿದ್ದುದೇ ಕಾರಣ. ಗದಗದಿಂದ ಬಾಗಲಕೋಟೆ, ವಿಜಯಪುರಗಳ ಮೂಲಕ ಬರುವ ಮಾರ್ಗವು ಮೀಟರ್‌ಗೇಜ್, ಅಂದರೆ 1000 ಮಿ.ಮೀ. ಅಗಲದ್ದಾಗಿತ್ತು; ಸೊಲ್ಲಾಪುರದಿಂದ ಮುಂಬೈಗೆ ಹೋಗುವುದು 1676 ಮಿ.ಮೀ. ಅಗಲದ ಬ್ರಾಡ್‌ಗೇಜ್.

ವಿಜಯಪುರದ ನಿಲ್ದಾಣದಲ್ಲಿ ಗಾಡಿ ನಿಂತಾಗ ಸ್ವಲ್ಪ ಬಾಗಿ ಗಾಲಿಯನ್ನು ನೋಡಿ: ಅದರ ಒಳಬದಿಯಲ್ಲಿ ಹಳಿಯ ಮೇಲ್ಮೈಗಿಂತ ಕೆಳಗಿಳಿದ ಒಂದು ಅಂಚು ಕಾಣುತ್ತದೆ. ಗಾಲಿಯು ಹಳಿಯಿಂದ ಪಕ್ಕಕ್ಕೆ ಜಾರತೊಡಗಿದರೆ ತಡೆಯುವುದು ಈ ಅಂಚು. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಅಲುಗಾಡದಂತೆ ಬಿಗಿದಿರುವುದರಿಂದ ಅವುಗಳ ನಡುವಿನ ಅಂತರವನ್ನು ದಾರಿಯಲ್ಲಿ ಹಿಗ್ಗಿಸಲಾಗದು. ಆದ್ದರಿಂದ ಜನರು ಇಳಿದು ಹತ್ತಬೇಕಿತ್ತು, ಹತ್ತಿಯ ಅಂಡಿಗೆಗಳನ್ನೂ ಧಾನ್ಯದ ಚೀಲಗಳನ್ನೂ ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕಿತ್ತು.

ಹಾಗಾದರೆ ಕಿರಿದಾದ ಹಳಿಯನ್ನೇಕೆ ಹಾಕಿದರು? 1876–78ರ ಭೀಕರ ಬರದಲ್ಲಿ ಈ ಭಾಗಕ್ಕೆ ಧಾನ್ಯ ತಲುಪಿಸಲಾಗದೆ ಜನ ಸತ್ತ ಮೇಲೆ, 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಇಲ್ಲಿ ಮಾರ್ಗ ನಿರ್ಮಿಸಿತು. ಕಿರಿದಾದ ಹಳಿಗೆ ಏರಿಯ ಮಣ್ಣು, ಕಬ್ಬಿಣ, ಭೀಮಾ ಮತ್ತು ಕೃಷ್ಣಾ ನದಿಗಳ ಸೇತುವೆಯ ಖರ್ಚು ಎಲ್ಲವೂ ಕಡಿಮೆ. ಆ ಉಳಿತಾಯದ ಭಾರವನ್ನು ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಮಾಲರ ಬೆನ್ನುಗಳು ಹೊತ್ತವೆಂಬುದನ್ನು ಮರೆಯಬಾರದು. ಈಗ ಇಡೀ ಮಾರ್ಗ ಬ್ರಾಡ್‌ಗೇಜ್ ಆಗಿದೆ.