ಹಟ್ಟಿಯ ಗೋಡೆಯ ಸಣ್ಣ ನೊಣ

ಅಕ್ಕಾ, ಮುಳ್ಳೇರಿಯದ ನಿಮ್ಮ ದನದ ಹಟ್ಟಿಯಲ್ಲಿ ಸಂಜೆ ಕಚ್ಚುವ, ಸೊಳ್ಳೆಪರದೆಯೊಳಗೂ ನುಗ್ಗುವ ಹುಳ ಮರಳುನೊಣವಾ, ಅದರಿಂದ ಕಾಲಾ ಅಜಾರ್ ಎಂಬ, ವಾರಗಟ್ಟಲೆ ಜ್ವರ ಬರಿಸುವ ರೋಗ ಬರುತ್ತದಾ ಅಂತ ಕೇಳಿದ್ದೀರಿ.

ರಾತ್ರಿ ಟಾರ್ಚ್ ಹಾಕಿ ಮುರಕಲ್ಲಿನ ಗೋಡೆ ನೋಡಿ. 2-3 ಮಿಲಿಮೀಟರ್ ಉದ್ದ, ಮೈತುಂಬ ರೋಮ, ಕೂತಾಗಲೂ ರೆಕ್ಕೆ ಮೇಲೆತ್ತಿಕೊಂಡೇ ಇರುತ್ತದೆ. ಬೆರಳು ತಂದರೆ ದೂರ ಹಾರುವುದಿಲ್ಲ, ಪುಟುಕ್ಕನೆ ಜಿಗಿದು ಪಕ್ಕದಲ್ಲೇ ಕೂರುತ್ತದೆ. ಹಾಗಿದ್ದರೆ ಬಹುಶಃ ಅದೇ. ನಮ್ಮ ಹಟ್ಟಿಯಲ್ಲೂ ಇವೆ.

ಗಂಡು, ಹೆಣ್ಣು ಎರಡೂ ಗಿಡದ ಸಿಹಿರಸ ಕುಡಿಯುತ್ತವೆ. ರಕ್ತ ಬೇಕಾಗುವುದು ಹೆಣ್ಣಿಗೆ ಮಾತ್ರ, ಮೊಟ್ಟೆಗಾಗಿ. ಸೊಳ್ಳೆಯ ಹಾಗೆ ನಾಜೂಕಾಗಿ ಹೀರುವುದಿಲ್ಲ ಇದು. ಚರ್ಮ ಕೊಯ್ದು, ಅಲ್ಲಿ ತುಂಬಿಕೊಂಡ ರಕ್ತ ಕುಡಿಯುತ್ತದೆ.

ಕಾಲಾ ಅಜಾರ್ ಜಾಸ್ತಿ ಕಂಡದ್ದು ಬಿಹಾರ, ಜಾರ್ಖಂಡ್, ಬಂಗಾಳದ ಕಡೆ. ಅದನ್ನು ಹರಡುವ ಜಾತಿಗೆ ದನದ ರಕ್ತವೂ ಇಷ್ಟವೇ, ಆದರೆ ನಮ್ಮ ದೇಶದಲ್ಲಿ ರೋಗ ಬರುವುದು ದನದಿಂದಲ್ಲ. ರೋಗ ಇರುವ ಮನುಷ್ಯನನ್ನು ಕಚ್ಚಿದ ನೊಣವೇ ಕೆಲವು ದಿನ ಬಿಟ್ಟು ಇನ್ನೊಬ್ಬರನ್ನು ಕಚ್ಚಬೇಕು. ಸುಮ್ನೆ ಹೆದರಬೇಡಿ. ಎರಡು ವಾರ ದಾಟಿದ ಜ್ವರ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ನಿಂತ ನೀರು ಚೆಲ್ಲಿದರೆ ಇದು ಹೋಗುವುದಿಲ್ಲ. ಮರಿಯಾಗುವುದು ಸೆಗಣಿ ಬೆರೆತ ತೇವದ ಮಣ್ಣಿನಲ್ಲಿ. ಗೋಡೆಯ ಬಿರುಕು ಮುಚ್ಚಿಸಿ, ಪರದೆ ಸಣ್ಣ ಕಣ್ಣಿನದ್ದು ತನ್ನಿ.